ತಿಂಗಳಿಗೆ ಐದು ರೂಪಾಯಿ

ಮೊನ್ನೆ ಮಂಡ್ಯದ ಹತ್ತಿರ ಅಜ್ಜಿ ಊರಿಗೆ ಹೋಗಿದ್ದೆ. ಅಟ್ಟ ಕ್ಲೀನ್ ಮಾಡುವಾಗ ಮಾವನ ಹಳೇ ಟ್ರಂಕು ಸಿಕ್ಕಿತು. ಮಾವ ಬಹಳ ವರ್ಷ ಊರಿನ ಹಾಲಿನ ಡೇರಿಯ ಸೆಕ್ರೆಟರಿ ಆಗಿದ್ದವರು. ಟ್ರಂಕಿನೊಳಗೆ ‘ಯಶಸ್ವಿನಿ’ ಅಂತ ಬರೆದ ನೋಟ್‌ಬುಕ್ಕೊಂದಿತ್ತು. ಸಾಲಾಗಿ ಹೆಸರುಗಳು, ಎದುರಿಗೆ 60, 60, 60... ಅದನ್ನು ಹಿಡಿದು ಕೂತವನು ಅಟ್ಟದ ಕೆಲಸ ಮರೆತೇಬಿಟ್ಟೆ :)

ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಡಾ. ದೇವಿ ಶೆಟ್ಟಿಯವರ ಯೋಚನೆ, ಎಸ್. ಎಂ. ಕೃಷ್ಣ ಸರ್ಕಾರದ ಒತ್ತಾಸೆ, 2003ರ ಜೂನ್‌ನಿಂದ ಜಾರಿ. ಸಹಕಾರ ಸಂಘದ ಸದಸ್ಯರಾದ ರೈತರು ತಲೆಗೆ ತಿಂಗಳಿಗೆ ಐದು ರೂಪಾಯಿ, ಅಂದರೆ ವರ್ಷಕ್ಕೆ 60 ಕಟ್ಟಿದರೆ ಆಪರೇಷನ್ ಖರ್ಚು ಯೋಜನೆಯದು. ಒಂದು ಆಪರೇಷನ್‌ಗೆ 1 ಲಕ್ಷ, ವರ್ಷಕ್ಕೆ 2 ಲಕ್ಷದವರೆಗೆ.

ಅರವತ್ತು ರೂಪಾಯಿಗೆ ಇದು ಹೇಗೆ ಸಾಧ್ಯ ಅಂತ ಆಗ ನನಗೆ ಆಶ್ಚರ್ಯವಾಗಿತ್ತು. ಗುಟ್ಟು ‘ಆಪರೇಷನ್’ ಅನ್ನೋ ಪದದಲ್ಲೇ ಇದೆ. ಜ್ವರ ಬಂದು ಅಡ್ಮಿಟ್ ಆದರೆ ಯಶಸ್ವಿನಿಯಿಂದ ಏನೂ ಸಿಗುತ್ತಿರಲಿಲ್ಲ. ಜ್ವರ ಎಲ್ಲರಿಗೂ ಬರುತ್ತದೆ, ಆಪರೇಷನ್ ಸಾವಿರದಲ್ಲಿ ಕೆಲವರಿಗೆ. ಪುಕ್ಕಟೆ ಅಂತ ಯಾರೂ ಹೊಟ್ಟೆ ಕೊಯ್ಸಿಕೊಳ್ಳುವುದಿಲ್ಲವಲ್ಲ! ಮಧ್ಯೆ ವಿಮಾ ಕಂಪನಿಯೂ ಇರಲಿಲ್ಲ. ದುಡ್ಡು ಒಂದು ಟ್ರಸ್ಟಿಗೆ ಹೋಗುತ್ತಿತ್ತು, ಆಸ್ಪತ್ರೆಗಳು ಮೊದಲೇ ಒಪ್ಪಿದ ದರಕ್ಕೆ ಆಪರೇಷನ್ ಮಾಡುತ್ತಿದ್ದವು.

ಇನ್ನೊಂದು ತೊಡಕು ಹಣ ವಸೂಲಿಯದು, ಅದು ನೂರು ವರ್ಷಕ್ಕೂ ಹಳೆಯದು. 1883ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ಕಾರ್ಮಿಕರಿಗೆ ಆರೋಗ್ಯ ವಿಮೆ ತಂದಾಗ ಎರಡು ಪಾಲು ಕಾರ್ಮಿಕನದು, ಒಂದು ಪಾಲು ಮಾಲೀಕನದು. ಕಾರ್ಮಿಕನ ಪಾಲನ್ನು ಸಂಬಳದಲ್ಲೇ ಮುರಿದುಕೊಂಡರಾಯಿತು. ನಮ್ಮ 1948ರ ಇಎಸ್ಐ ಕಾಯ್ದೆಯದೂ ಅದೇ ದಾರಿ. ಆದರೆ ರೈತನಿಗೆ ಸಂಬಳ ಎಲ್ಲಿದೆ? ಮಾಲೀಕ ಯಾರು? ನಮ್ಮೂರಲ್ಲಿ ಇದಕ್ಕೆ ಉತ್ತರ ಹಾಲಿನ ಬಿಲ್ಲು. ಹದಿನೈದು ದಿನಕ್ಕೊಮ್ಮೆ ಡೇರಿಯಲ್ಲಿ ಬಟವಾಡೆ ಆಗುವಾಗ ಮಾವ ಅದರಲ್ಲೇ ಮುರಿದುಕೊಳ್ಳುತ್ತಿದ್ದರು. ಯಾವ ಏಜೆಂಟನೂ ಊರಿಗೆ ಬರಬೇಕಾಗಿರಲಿಲ್ಲ. ಯಶಸ್ವಿನಿಯನ್ನು ಹೊಗಳುವವರು ಡಾಕ್ಟರುಗಳನ್ನು ಹೊಗಳುತ್ತಾರೆ, ನಾನಾದರೆ ಅರ್ಧ ಶ್ರೇಯಸ್ಸನ್ನು ಡೇರಿ ಸೆಕ್ರೆಟರಿಗಳಿಗೆ ಕೊಡುತ್ತೇನೆ. (ಮಾವ ಅಂತ ಅಲ್ಲ!)

ಮೊದಲ ವರ್ಷ ಸುಮಾರು 16 ಲಕ್ಷ ಜನ ಸೇರಿದರು, 9 ಸಾವಿರದಷ್ಟು ಆಪರೇಷನ್ ಆದವು. ಜನ ಕಟ್ಟಿದ್ದು ಹತ್ತು ಕೋಟಿಗೂ ಕಡಿಮೆ, ಖರ್ಚು ಅದಕ್ಕಿಂತ ಸ್ವಲ್ಪ ಜಾಸ್ತಿ. ಸರ್ಕಾರದ ನೆರವು ಇತ್ತು, ಹಾಗಾಗಿ ನಡೆಯಿತು. ಎರಡನೇ ವರ್ಷ ಸದಸ್ಯರು 20 ಲಕ್ಷ ಮುಟ್ಟಿದರು, ಆದರೆ ಆಪರೇಷನ್‌ಗಳು ಇನ್ನೂ ವೇಗವಾಗಿ ಏರಿದವು. ಕೊನೆಗೆ 2005ರಲ್ಲಿ ದೊಡ್ಡವರ ಕಂತು 120 ಆಯಿತು.

ಇಲ್ಲಿಂದ ನೋಟ್‌ಬುಕ್ ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಹೆಸರಿಂದ ಹೆಸರಿಗೆ ಗೀಟು. “ಎಲ್ಡು ವರ್ಸ ಕಟ್ದೆ, ಏನ್ ಬಂತು ಸೆಕ್ರೆಟ್ರಿ?” ಅಂತ ಜನ ಜಗಳಕ್ಕೇ ಬಂದಿದ್ದರಂತೆ. ಏನೂ ಬರದಿದ್ದದ್ದು ಅವರ ಪುಣ್ಯ ಅಂತ ಹೇಗೆ ಹೇಳುವುದು? ಆ ವರ್ಷ ರಾಜ್ಯದ ಒಟ್ಟು ಸದಸ್ಯರು 15 ಲಕ್ಷಕ್ಕೂ ಕೆಳಗಿಳಿದರು. ಆಪರೇಷನ್‌ಗಳು ಮಾತ್ರ 19 ಸಾವಿರ ದಾಟಿದವು, ಖರ್ಚು 26 ಕೋಟಿಯ ಆಸುಪಾಸು. ಯೋಜನೆ ಜನರಿಗೆ ಗೊತ್ತಾಗಿದ್ದೂ ಒಂದು ಕಾರಣ ಇರಬೇಕು. ಆದರೆ ಗಟ್ಟಿಮುಟ್ಟಾದವರು ಬಿಟ್ಟು, ಕಾಯಿಲೆಯವರು ಉಳಿದರು ಅನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ಮನೆಯ ಪುಟವೇ ಸಾಕು.

2003ರಲ್ಲಿ ಮನೆಯ ಆರೂ ಜನರ ಹೆಸರಿದೆ. 2005ರಲ್ಲಿ ಎರಡೇ: ಅಜ್ಜಿ ಮತ್ತು ಅತ್ತೆ. ಅತ್ತೆಗೆ ಆಗಾಗ ಹೊಟ್ಟೆನೋವು. ಮಾವ ತನ್ನ ಹೆಸರಿಗೆ ತಾನೇ ಗೀಟು ಹಾಕಿದ್ದಾರೆ. ಅತ್ತೆಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯಿತು, ಒಂದು ಪೈಸೆ ಕೊಡಲಿಲ್ಲ. ಎರಡು ತಿಂಗಳಿಗೆ ಮಾವನಿಗೆ ಅಪೆಂಡಿಕ್ಸ್ ಒಡೆಯಿತು. ಆಸ್ಪತ್ರೆ ಬಿಲ್ಲು ಕಟ್ಟಲು ಅತ್ತೆಯ ಬಳೆಗಳು ಅಡವಿಗೆ ಹೋದವು. ಊರಿಗೆಲ್ಲ ಕಟ್ಟಿಸಿದ ಮನುಷ್ಯ!

ಯಶಸ್ವಿನಿ ಆಮೇಲೂ ಸರ್ಕಾರದ ನೆರವಿನಿಂದ ಬದುಕಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. ಅಲ್ಲಿ ಕಂತಿಲ್ಲ, ತೆರಿಗೆ ದುಡ್ಡು. ಆದರೆ ಬಿಪಿಎಲ್ ಅಲ್ಲದವರಿಗೆ ಪ್ಯಾಕೇಜ್ ದರದ ಶೇಕಡಾ 30 ಮಾತ್ರ. ಎರಡೆಕರೆ ಹೆಚ್ಚಿದ್ದು ಎಪಿಎಲ್ ಆದ ರೈತ ಗೊಣಗದೆ ಇರುತ್ತಾನೆಯೇ? 2023ರ ಜನವರಿಯಿಂದ ಯಶಸ್ವಿನಿ ಮತ್ತೆ ಶುರುವಾಯಿತು. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500, ಖರ್ಚಿನ ಮಿತಿ 5 ಲಕ್ಷ. ತಲೆಗೆ ಲೆಕ್ಕ ಹಾಕಿ ನೋಡಿ, 125. ಜನ ಬಿಟ್ಟು ಓಡಿದ 2005ರ ಕಂತಿಗಿಂತ ಐದೇ ರೂಪಾಯಿ ಜಾಸ್ತಿ! ಇಷ್ಟು ವರ್ಷದಲ್ಲಿ ಆಸ್ಪತ್ರೆ ಖರ್ಚು ಎಲ್ಲಿಗೆ ಹೋಗಿದೆ ಅಂತ ನಿಮಗೇ ಗೊತ್ತು. ಉಳಿದದ್ದನ್ನು ಖಜಾನೆಯೇ ತುಂಬಬೇಕು. ಕಂತು ತಲೆಗಲ್ಲದೆ ಕುಟುಂಬಕ್ಕೆ ಅಂತ ಮಾಡಿದ್ದು ಮಾತ್ರ ನನಗೆ ಹಿಡಿಸಿತು.

ಅದನ್ನೇ ಮಾವನಿಗೆ ಹೇಳಿದೆ. ನೋಟ್‌ಬುಕ್ ಇಸಕೊಂಡು, ಕನ್ನಡಕ ಹುಡುಕಿ, ತನ್ನ ಹೆಸರಿನ ಮೇಲಿನ ಗೀಟನ್ನು ಸ್ವಲ್ಪ ಹೊತ್ತು ನೋಡಿದರು. “ನೂರಿಪ್ಪತ್ತು ರೂಪಾಯಿ ಕಣೋ” ಅಂದರು. ಒಳಗಿನಿಂದ ಅತ್ತೆ, “ಆ ಬಳೆ ಇನ್ನೂ ಬಂದಿಲ್ಲ ಅಂತ ಹೇಳು ಅವರಿಗೆ” ಅಂದರು.