ಮಲೆನಾಡಿನ ಮಳೆ ಮತ್ತು ಮೈಸೂರಿನ ಮೋಟಾರುಬೈಕು

ನಮ್ಮ ನಾಡಿನ ಕೈಗಾರಿಕೆಗಳ ಚರಿತ್ರೆ ಬರೆಯುವವರು ಭದ್ರಾವತಿಯ ಕಬ್ಬಿಣವನ್ನೂ ಮೈಸೂರಿನ ರೇಷ್ಮೆಯನ್ನೂ ಮರೆಯುವುದಿಲ್ಲ. ಅದೇ ಮೈಸೂರಿನ ಮೋಟಾರುಬೈಕಿಗೆ ಮಾತ್ರ ಒಂದೆರಡು ಸಾಲು ದೊರೆತರೆ ಹೆಚ್ಚು. ಹದಿನೇಳು ಮಳೆಗಾಲ ಆ ಬೈಕನ್ನೇರಿ ಮಲೆನಾಡಿನ ಶಾಲೆಗೆ ಹೋಗಿಬಂದ ನನಗೆ, ಅದರ ಚರಿತ್ರೆಯ ಅರ್ಧಭಾಗವನ್ನು ಬರೆದದ್ದು ಮಳೆಯೇ ಎನಿಸುತ್ತದೆ.

ಜಾವಾ ಎಂಬ ಹೆಸರಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಚೆಕೊಸ್ಲೊವಾಕಿಯದ ಫ್ರಾಂಟಿಷೆಕ್ ಯಾನೆಚೆಕ್ ಎಂಬಾತ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ವಿನ್ಯಾಸವನ್ನು ಪಡೆದು ತಯಾರಿಕೆ ಆರಂಭಿಸಿದ. ಇಬ್ಬರ ಹೆಸರಿನ ಮೊದಲಕ್ಷರಗಳು ಕೂಡಿ ‘ಜಾವಾ’ ಆಯಿತು. ಭಾರತದಲ್ಲಿ ಇದನ್ನು ತಯಾರಿಸಲು 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. ಮರುವರ್ಷ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಬೈಕುಗಳು ಹೊರಬರತೊಡಗಿದವು. ಎಪ್ಪತ್ತರ ದಶಕದಲ್ಲಿ ಹೆಸರು ‘ಯೆಜ್ಡಿ’ ಎಂದು ಬದಲಾಯಿತು. ಟೂ ಸ್ಟ್ರೋಕಿನ 250 ಸಿ.ಸಿ. ಎಂಜಿನ್ನು, ಗೇರು ಮತ್ತು ಕಿಕ್ಕು ಎರಡಕ್ಕೂ ಒಂದೇ ಹಿಡಿಕೆ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು ಇವು ಅದರ ಗುರುತುಗಳು.

ಗಾಡಿ ಹುಟ್ಟಿದ ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿ.ಮೀ. ಮಳೆ. ಆಗುಂಬೆಯಲ್ಲಾದರೋ 7,000 ಮಿ.ಮೀ.ಗೂ ಹೆಚ್ಚು. ಹೀಗಾಗಿ ಗಾಡಿಯ ನಿಜವಾದ ಪರೀಕ್ಷೆ ನಡೆದದ್ದು ನಮ್ಮ ಕಡೆಯಲ್ಲಿ. ಬಸ್ಸು ಕಾಣದ ಊರುಗಳಿಗೆ ಜೂನ್ ಜುಲೈ ತಿಂಗಳಲ್ಲಿ ಮೇಷ್ಟರು, ವೈದ್ಯರು ತಲುಪಬೇಕಾದರೆ ಇಂಥ ಗಾಡಿಯೇ ಗತಿಯಾಗಿತ್ತು. ಅದು ನಡುದಾರಿಯಲ್ಲಿ ನಿಂತರೆ ಶಾಲೆಗೆ ಪಾಠವಿಲ್ಲ, ರೋಗಿಗೆ ಮದ್ದಿಲ್ಲ.

ಆ ಪರೀಕ್ಷೆಯಲ್ಲಿ ಗಾಡಿಯನ್ನು ಕಾಪಾಡಿದ ದೊಡ್ಡ ಅಂಗವೆಂದರೆ ಚೈನಿನ ಕವಚ. ತಗಡಿನ ಆ ಪೂರ್ಣ ಹೊದಿಕೆಯೊಳಗೆ ಚೈನು ಕೆಸರನ್ನು ಕಾಣದೆ ಇರುತ್ತಿತ್ತು. ಬಯಲು ಚೈನಿನ ಗಾಡಿಗಳವರು ವಾರಕ್ಕೊಮ್ಮೆ ಸೀಮೆಎಣ್ಣೆಯಲ್ಲಿ ಚೈನು ತೊಳೆದು ಎಣ್ಣೆ ಬಿಡುತ್ತಿದ್ದ ಕಾಲದಲ್ಲಿ, ನಾವು ಮಳೆಗಾಲಕ್ಕೆ ಮುನ್ನ ಒಮ್ಮೆ ಗ್ರೀಸು ಹಚ್ಚಿ ನಿಶ್ಚಿಂತರಾಗಿರುತ್ತಿದ್ದೆವು.

ದುರ್ಬಲ ಸ್ಥಾನ ಕಿಡಿಯದು. ಎಂಜಿನ್ನಿನ ಪಕ್ಕದ ಮುಚ್ಚಳದೊಳಗಿನ ಪಾಯಿಂಟುಗಳಿಗೆ ತೇವ ತಗುಲಿದರೆ ಎಷ್ಟು ಕಿಕ್ಕು ಹೊಡೆದರೂ ವ್ಯರ್ಥ. ಒಣಬಟ್ಟೆಯಲ್ಲಿ ಒರೆಸಿ, ನಯವಾದ ಉಪ್ಪುಕಾಗದದಿಂದ ತಿಕ್ಕಿ, ನಡುವಿನ ಅಂತರವನ್ನು ಸುಮಾರು 0.4 ಮಿ.ಮೀ.ಗೆ ಹೊಂದಿಸಬೇಕು. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಪ್ಲಗ್ಗಿನ ಟೋಪಿಗೆ ತೊಡಿಸುವ ಉಪಾಯವನ್ನು ನನಗೆ ಕಲಿಸಿದವರು ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು. ಪೆಟ್ರೋಲಿಗಿಂತ ನೀರು ಭಾರವಾದ್ದರಿಂದ ಟ್ಯಾಂಕಿಗೆ ಸೇರಿದ ಮಳೆನೀರು ತಳಕ್ಕಿಳಿದು ಕಾರ್ಬುರೇಟರಿನಲ್ಲಿ ನಿಲ್ಲುತ್ತದೆ ಎಂಬುದನ್ನು ಅವರು ತರಗತಿಯಲ್ಲಿ ಬೋಧಿಸುವಂತೆಯೇ ರಸ್ತೆಬದಿಯಲ್ಲೂ ವಿವರಿಸುತ್ತಿದ್ದರು.

ಇನ್ನು ಘಾಟಿ. ಆಗುಂಬೆಯ 14 ತಿರುವುಗಳನ್ನು ಮಳೆಯಲ್ಲಿ ಇಳಿಯುವುದು ಹತ್ತುವುದಕ್ಕಿಂತ ಕಠಿಣ. ಟೂ ಸ್ಟ್ರೋಕ್ ಎಂಜಿನ್ನು ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಕಡಿಮೆ. ಭಾರವೆಲ್ಲ ಬ್ರೇಕಿನ ಮೇಲೆ. ಡ್ರಮ್ಮಿನೊಳಗೆ ನೀರು ಸೇರಿದರೆ ಆ ಬ್ರೇಕೂ ಹಿಡಿಯದು. ಆದ್ದರಿಂದ ಹಳ್ಳ ದಾಟಿದ ಕೂಡಲೇ ನಿಧಾನವಾಗಿ ಸಾಗುತ್ತ, ಬ್ರೇಕನ್ನು ಹಗುರವಾಗಿ ಒತ್ತಿ ಆ ಬಿಸಿಯಿಂದ ನೀರನ್ನು ಆರಿಸುವುದು ರೂಢಿ. ಇನ್ನೊಂದು ಸೂಕ್ಷ್ಮವೂ ಇದೆ. ಈ ಎಂಜಿನ್ನಿಗೆ ಎಣ್ಣೆ ಪೆಟ್ರೋಲಿನೊಡನೆಯೇ ಬರುತ್ತದೆ. ಎಕ್ಸಲರೇಟರ್ ಪೂರ್ತಿ ಬಿಟ್ಟು ಮೈಲಿಗಟ್ಟಲೆ ಇಳಿದರೆ ಪಿಸ್ಟನ್ನಿಗೆ ಎಣ್ಣೆ ಸಾಲದು. ಬಲ್ಲವರು ಇಳಿಯುವಾಗಲೂ ಆಗಾಗ ಸ್ವಲ್ಪ ತಿರುವುತ್ತಿದ್ದರು.

1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೂ ಗಾಡಿಗಳು ನಿಲ್ಲಲಿಲ್ಲ. ಒಂದು ಗಾಡಿಯ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ, ದೊರೆಯದ ಭಾಗವನ್ನು ಲೇತಿನಲ್ಲಿ ಕಡೆಸಿ ಅವನ್ನು ಬದುಕಿಸಿದವರು ಸಣ್ಣ ಊರುಗಳ ಮೆಕ್ಯಾನಿಕ್ಕುಗಳು. ಅವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ.

ಹಳೆಯದೆಲ್ಲ ಶ್ರೇಷ್ಠವೆಂದು ನಾನು ಹೇಳಲಾರೆ. ಇಂದಿನ ಗಾಡಿಗಳಲ್ಲಿ ಪಾಯಿಂಟುಗಳಿಲ್ಲ, ತೇವದ ಚಿಂತೆಯೂ ಇಲ್ಲ. 2019ರ ಏಪ್ರಿಲ್‌ನಿಂದ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯ. ಒದ್ದೆ ರಸ್ತೆಯಲ್ಲಿ ಚಕ್ರ ಕಚ್ಚಿ ಜಾರುವುದನ್ನು ತಡೆಯುವ ಈ ವ್ಯವಸ್ಥೆ ಅಂದು ಇದ್ದಿದ್ದರೆ ನನ್ನ ಪರಿಚಿತರಲ್ಲಿ ಇಬ್ಬರು ಇಂದಿಗೂ ಬದುಕಿರುತ್ತಿದ್ದರೇನೋ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮರಳಿದವು. ಎಂಜಿನ್ನು ಫೋರ್ ಸ್ಟ್ರೋಕ್. ಚೈನಿಗೆ ಹಳೆಯ ಪೂರ್ಣ ಕವಚವಿಲ್ಲ.

ಆದರೆ ಮೊದಲ ಮಳೆಗೆ ರಸ್ತೆಯ ಧೂಳೂ ಎಣ್ಣೆಯ ಜಿಡ್ಡೂ ಕಲೆತು ಜಾರುವುದು ಇಂದಿಗೂ ತಪ್ಪಿಲ್ಲ. ಸವೆದ ಟಯರನ್ನು ಯಾವ ಎಬಿಎಸ್ ಕೂಡ ಸರಿಪಡಿಸಲಾರದು. ಮೃಗಶಿರ ಹುಟ್ಟುವ ಮೊದಲು ಟಯರು, ಬ್ರೇಕು, ಚೈನುಗಳನ್ನು ತಾವೇ ಕೈಯಿಟ್ಟು ನೋಡುವುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಬಿಡದಿರಲಿ.