ಎಲ್‌ಡಿಎಪಿ ಡೈರೆಕ್ಟರಿ ಸರ್ವರ್: ನಿರ್ವಹಣೆಯ ಮೂಲ ಪಾಠ

ಸಂಸ್ಥೆಯೊಂದರಲ್ಲಿ ಇ-ಮೇಲ್, ಕಡತಗಳ ಸರ್ವರ್, ವೈ-ಫೈ, ರಜೆ ಅರ್ಜಿ ಹೀಗೆ ಪ್ರತಿಯೊಂದಕ್ಕೂ ಪ್ರತ್ಯೇಕ ಪಾಸ್‌ವರ್ಡ್ ಇದ್ದರೆ ನೌಕರರಿಗೆ ಕಿರಿಕಿರಿ. ಅದಕ್ಕಿಂತ ದೊಡ್ಡದು ಅಪಾಯದ ಪ್ರಶ್ನೆ. ಕೆಲಸ ಬಿಟ್ಟು ಹೋದವರ ಖಾತೆಯನ್ನು ಮೂರು ಕಡೆ ಮುಚ್ಚಿ ನಾಲ್ಕನೆಯದನ್ನು ಮರೆತರೆ ಆ ಬಾಗಿಲು ತೆರೆದೇ ಇರುತ್ತದೆ. ಈ ವಿವರಗಳನ್ನೆಲ್ಲ ಒಂದೆಡೆ ಇರಿಸಿ, ಕೇಳಿದ ತಂತ್ರಾಂಶಗಳಿಗೆ ಉತ್ತರಿಸುವ ವ್ಯವಸ್ಥೆಯೇ ಡೈರೆಕ್ಟರಿ ಸರ್ವರ್. ಅದರೊಡನೆ ವ್ಯವಹರಿಸುವ ನಿಯಮಾವಳಿಯೇ ಲೈಟ್‌ವೇಟ್ ಡೈರೆಕ್ಟರಿ ಆ್ಯಕ್ಸೆಸ್ ಪ್ರೊಟೊಕಾಲ್, ಅಂದರೆ ಎಲ್‌ಡಿಎಪಿ.

ಹಿನ್ನೆಲೆ

1988ರ ಎಕ್ಸ್.500 ಮಾನದಂಡ ಸಣ್ಣ ಗಣಕಗಳಿಗೆ ಭಾರವಾಗಿತ್ತು. ಅದಕ್ಕೆ ಹಗುರ ಪರ್ಯಾಯವಾಗಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮೊದಲಾದವರು ರೂಪಿಸಿದ ಎಲ್‌ಡಿಎಪಿ 1993ರಲ್ಲಿ ಪ್ರಕಟವಾಯಿತು. ಬಳಕೆಯಲ್ಲಿರುವ ಮೂರನೇ ಆವೃತ್ತಿ 1997ರದು. 2006ರಲ್ಲಿ ಅದು ಪರಿಷ್ಕೃತಗೊಂಡಿತು. ಮುಕ್ತ ತಂತ್ರಾಂಶವಾದ ಓಪನ್‌ಎಲ್‌ಡಿಎಪಿ ಯೋಜನೆ 1998ರಲ್ಲಿ ಆರಂಭವಾಯಿತು.

ಮರದಂಥ ರಚನೆ

ಇಲ್ಲಿ ಮಾಹಿತಿ ಮರದ ಕೊಂಬೆಗಳಂತೆ ಹರಡಿಕೊಂಡಿರುತ್ತದೆ. ಬುಡದಲ್ಲಿ ಸಂಸ್ಥೆ, ಮೇಲೆ ವಿಭಾಗ, ತುದಿಯಲ್ಲಿ ವ್ಯಕ್ತಿ. ತುದಿಯಿಂದ ಬುಡದವರೆಗಿನ ಪೂರ್ಣ ವಿಳಾಸವೇ ಆ ದಾಖಲೆಯ ವಿಶಿಷ್ಟ ನಾಮ. ಯಾವ ದಾಖಲೆಯಲ್ಲಿ ಯಾವ ಅಂಶಗಳು ಇರಬೇಕೆಂಬುದನ್ನು ‘ಸ್ಕೀಮಾ’ ನಿರ್ಧರಿಸುತ್ತದೆ. ‘ಪರ್ಸನ್’ ವರ್ಗದಲ್ಲಿ ಕುಲನಾಮ ಕಡ್ಡಾಯ. ಇನಿಶಿಯಲ್ ಮಾತ್ರವುಳ್ಳ ನಮ್ಮವರ ಹೆಸರುಗಳಿಗೆ ಆ ಜಾಗದಲ್ಲಿ ಏನು ತುಂಬಬೇಕೆಂದು ಮೊದಲೇ ನಿಶ್ಚಯಿಸದಿದ್ದರೆ ದಾಖಲೆಗಳು ಒಂದೊಂದು ಬಗೆಯಾಗುತ್ತವೆ.

ಭದ್ರತೆ

ಎಲ್‌ಡಿಎಪಿ ಸಾಮಾನ್ಯವಾಗಿ 389ನೇ ಪೋರ್ಟ್‌ನಲ್ಲಿ ಕಾರ್ಯ ನಿರ್ವಹಿಸುತ್ತದೆ. ಗೂಢಲಿಪೀಕರಣವಿಲ್ಲದಿದ್ದರೆ ಸರಳ ಲಾಗಿನ್‌ನ ಪಾಸ್‌ವರ್ಡ್ ಜಾಲದಲ್ಲಿ ಬಯಲಾಗಿಯೇ ಸಾಗುತ್ತದೆ. ಆದ್ದರಿಂದ ‘ಸ್ಟಾರ್ಟ್‌ಟಿಎಲ್‌ಎಸ್’ ಅಥವಾ 636ನೇ ಪೋರ್ಟ್‌ನ ಸುರಕ್ಷಿತ ಸಂಪರ್ಕ ಅನಿವಾರ್ಯ. ಪ್ರವೇಶ ನಿಯಮಗಳನ್ನು ಬರೆಯದೇ ಬಿಟ್ಟರೆ ಓಪನ್‌ಎಲ್‌ಡಿಎಪಿ ಎಲ್ಲ ವಿವರಗಳನ್ನೂ ಯಾರಿಗಾದರೂ ಓದಲು ಬಿಡುತ್ತದೆ.

ಇನ್ನೊಂದು ಬಲೆಯೂ ಇದೆ. ಹೆಸರು ಕೊಟ್ಟು ಪಾಸ್‌ವರ್ಡ್ ಖಾಲಿ ಬಿಟ್ಟ ಕೋರಿಕೆಯನ್ನು ನಿಯಮಾವಳಿ ಅನಾಮಧೇಯ ಪ್ರವೇಶವೆಂದೇ ಪರಿಗಣಿಸುತ್ತದೆ. ಸರ್ವರ್ ಅದಕ್ಕೆ ಒಪ್ಪಿ, ಬಳಕೆಯ ತಂತ್ರಾಂಶವೂ ಅದನ್ನು ಲಾಗಿನ್ ಎಂದು ನಂಬಿದರೆ ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಬಹುದು. ಓಪನ್‌ಎಲ್‌ಡಿಎಪಿ ಇದನ್ನು ಸಹಜವಾಗಿ ನಿಷೇಧಿಸುತ್ತದೆ. ಆ ನಿಷೇಧವನ್ನು ತೆಗೆಯಬಾರದು.

ದಿನನಿತ್ಯದ ನಿಗಾ

ಡೈರೆಕ್ಟರಿಯಲ್ಲಿ ಬರೆಯುವುದಕ್ಕಿಂತ ಹುಡುಕುವುದೇ ಹೆಚ್ಚು. ಪದೇ ಪದೇ ಹುಡುಕುವ ಅಂಶಗಳಿಗೆ ಸೂಚಿ, ಅಂದರೆ ಇಂಡೆಕ್ಸ್ ಇಲ್ಲದಿದ್ದರೆ ಸರ್ವರ್ ನಿಧಾನವಾಗುತ್ತದೆ. ಓಪನ್‌ಎಲ್‌ಡಿಎಪಿಯ ‘ಎಂಡಿಬಿ’ ಸಂಗ್ರಹಕ್ಕೆ ಗರಿಷ್ಠ ಗಾತ್ರವನ್ನು ಮೊದಲೇ ಗೊತ್ತುಪಡಿಸಬೇಕು. ಆ ಮಿತಿ ತುಂಬಿದರೆ ಹೊಸ ದಾಖಲೆ ಸೇರುವುದಿಲ್ಲ.

ಒಂದು ಸರ್ವರ್ ಕೆಟ್ಟರೆ ಎಲ್ಲರ ಲಾಗಿನ್ ನಿಲ್ಲುವುದರಿಂದ ಎರಡನೇ ಸರ್ವರ್‌ನಲ್ಲಿ ಪ್ರತಿರೂಪ ಇರಿಸುವುದು ವಾಡಿಕೆ. ಆದರೆ ಪ್ರತಿರೂಪವೇ ಬ್ಯಾಕಪ್ ಅಲ್ಲ. ಇಲ್ಲಿ ತಪ್ಪಾಗಿ ಅಳಿಸಿದ ವಿಭಾಗ ಅಲ್ಲಿಯೂ ಅಳಿದುಹೋಗುತ್ತದೆ. ‘ಸ್ಲ್ಯಾಪ್‌ಕ್ಯಾಟ್’ ಆದೇಶದಿಂದ ಎಲ್‌ಡಿಐಎಫ್ ಪಠ್ಯಕಡತವಾಗಿ ಪ್ರತಿದಿನ ನಕಲು ತೆಗೆದು ಬೇರೆಡೆ ಇಡಬೇಕು. ಆ ಕಡತದಲ್ಲಿ ಪಾಸ್‌ವರ್ಡ್‌ಗಳ ಸಂಕೇತರೂಪವೂ ಇರುವುದರಿಂದ ಅದಕ್ಕೂ ಸರ್ವರ್‌ನಷ್ಟೇ ಕಾವಲು ಬೇಕು. ಆ ನಕಲಿನಿಂದ ಖಾಲಿ ಯಂತ್ರವೊಂದರಲ್ಲಿ ಡೈರೆಕ್ಟರಿಯನ್ನು ಮತ್ತೆ ಕಟ್ಟಿ ನೋಡಿದ ಮೇಲಷ್ಟೇ ಅದನ್ನು ನಂಬಬಹುದು.