ಹಳೆಯ ವೈನಿಗೆ ಸಾಕ್ಷಿ ಯಾರು?

1985ರ ಡಿಸೆಂಬರ್ 5ರಂದು ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ 1787ರ ಲಫೀತ್ ವೈನಿನ ಒಂದೇ ಬಾಟಲಿ 1,05,000 ಪೌಂಡಿಗೆ ಹೋಯಿತು. ಕೊಂಡದ್ದು ಅಮೆರಿಕದ ಫೋರ್ಬ್ಸ್ ಕುಟುಂಬ. ಗಾಜಿನ ಮೇಲೆ ‘ಟಿಎಚ್. ಜೆ.’ ಎಂಬ ಕೆತ್ತನೆಯಿತ್ತು. ಅದು ಥಾಮಸ್ ಜೆಫರ್ಸನ್‌ನ ಬಾಟಲಿ ಎಂಬ ಮಾತಿಗೆ ಮುಖ್ಯ ಆಧಾರ ಅದೇ.

ಬಾಟಲಿ ತಂದವನು ಜರ್ಮನಿಯ ಹಾರ್ಡಿ ರೋಡೆನ್‌ಸ್ಟಾಕ್. ಪ್ಯಾರಿಸ್ಸಿನ ಹಳೆ ನೆಲಮಾಳಿಗೆಯಲ್ಲಿ ಸಿಕ್ಕಿತು ಎಂದ. ವಿಳಾಸ ಮಾತ್ರ ಹೇಳಲಿಲ್ಲ. ಈತ ಗೆಳೆಯರನ್ನು ಕರೆದು ಹಳೆಯ ವೈನುಗಳನ್ನು ಧಾರಾಳವಾಗಿ ಸುರಿಯುತ್ತಿದ್ದ. 1998ರಲ್ಲಿ ಮ್ಯೂನಿಕ್ಕಿನಲ್ಲಿ ಇಡೀ ವಾರ, ಇಕೆಮ್‌ನ 125 ಬೇರೆ ಬೇರೆ ವರ್ಷಗಳ ವೈನು! ಇಂಥ ಕೂಟಗಳಿಗೆ ಕ್ರಿಸ್ಟೀಸ್‌ನ ಮೈಕೆಲ್ ಬ್ರಾಡ್‌ಬೆಂಟ್ ಅವರೂ ಬರುತ್ತಿದ್ದರು. ಅಲ್ಲಿ ಸವಿದವರು ಬರೆದಿಟ್ಟ ಟಿಪ್ಪಣಿಗಳೇ ಮುಂದಿನವರಿಗೆ ಅಳತೆಗೋಲು. ಇನ್ನೂರು ವರ್ಷದ ವೈನಿನ ರುಚಿ ಹೇಗಿರಬೇಕೆಂದು ಬಲ್ಲವರಾದರೂ ಯಾರು? ಹೋಲಿಸಲು ಸಿಗುತ್ತಿದ್ದ ಬಾಟಲಿಯೂ ಬಹುಪಾಲು ಅದೇ ಮೇಜಿನದು. ಉಂಡ ಮನೆಯ ಜಂತೆ ಎಣಿಸುವುದು ಅಲ್ಲಿಯೂ ಕಷ್ಟವೇ.

ಕೊನೆಗೆ ಎಣಿಸಿದವನು ಆ ಪಂಕ್ತಿಯವನಲ್ಲ, ದುಡ್ಡು ಕೊಟ್ಟು ಕೊಂಡವನು. 1988ರಲ್ಲಿ ಇಂಥ ನಾಲ್ಕು ಬಾಟಲಿ ಕೊಂಡಿದ್ದ ಬಿಲ್ ಕೋಕ್ ತನಿಖೆಗೆ ಜನ ನೇಮಿಸಿದ. ಕೆತ್ತನೆ ವಿದ್ಯುತ್ ಉಪಕರಣದ್ದು ಎಂದರು ಅವರು. ನಾಲಿಗೆಯ ಸಾಕ್ಷಿ ಯಾರೂ ಕೇಳಲಿಲ್ಲ. ರೋಡೆನ್‌ಸ್ಟಾಕ್ ಆರೋಪವನ್ನು ಕೊನೆಯವರೆಗೂ ಒಪ್ಪಲಿಲ್ಲ, 2018ರಲ್ಲಿ ತೀರಿಕೊಂಡ.

ಫೋರ್ಬ್ಸ್ ಬಾಟಲಿಯ ಕಥೆ ಮೊದಲೇ ಮುಗಿದಿತ್ತು. ಪ್ರದರ್ಶನಕ್ಕಿಟ್ಟಾಗ ದೀಪದ ಬಿಸಿಗೆ ಬಿರಡೆ ಒಣಗಿ, ವೈನಿನೊಳಗೆ ಬಿದ್ದುಹೋಗಿತ್ತು.